ಗಾಜಿನ ಮನೆಯ ಹೊರಗಿನ ಚಳಿಗಾಲ

ನಮ್ಮ ದಿನಬಳಕೆಯ ಮಾತಿನಲ್ಲಿ ಚಳಿಗಾಲವೆಂಬುದು ಒಂದೇ; ಪಂಚಾಂಗದಲ್ಲಿ ಅದು ಎರಡು. ಮಾರ್ಗಶಿರ ಪುಷ್ಯಗಳು ಕೂಡಿ ಹೇಮಂತವೆಂದೂ, ಮಾಘ ಫಾಲ್ಗುಣಗಳು ಕೂಡಿ ಶಿಶಿರವೆಂದೂ ಹಿರಿಯರು ಮಾಡಿಟ್ಟ ವಿಭಾಗವನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೆನಾದರೂ, ಒಂದು ಮಂಜಿನ ಕಾಲ, ಇನ್ನೊಂದು ಎಲೆಯುದುರುವ ಕಾಲವೆಂಬ ಅದರ ಅರ್ಥವನ್ನು ನಾನು ಕಣ್ಣಾರೆ ಕಂಡುಕೊಂಡದ್ದು ಬೆಂಗಳೂರಿನ ಲಾಲ್‌ಬಾಗಿನಲ್ಲಿ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ಮರುವಾರದಿಂದ ಕಾಮನ ಹುಣ್ಣಿಮೆಯವರೆಗೆ, ವಾರಕ್ಕೆ ಒಂದೆರಡು ಬೆಳಗನ್ನಾದರೂ ಆ ತೋಟದಲ್ಲಿ ಕಳೆಯುವ ಅಭ್ಯಾಸವನ್ನು ಬಹುಕಾಲದಿಂದ ಇಟ್ಟುಕೊಂಡಿರುವ ನನಗೆ, ಈ ಋತುವಿನಲ್ಲಿ ಅಲ್ಲಿಗೆ ಬರುವ ಅಪಾರ ಜನಸ್ತೋಮದಲ್ಲಿ ಬಹುಪಾಲು ಮಂದಿ ತೋಟವನ್ನೇ ನೋಡದೆ ಹಿಂದಿರುಗುತ್ತಾರೆಂಬ ವ್ಯಥೆ ವರ್ಷದಿಂದ ವರ್ಷಕ್ಕೆ ಬಲಿಯುತ್ತ ಬಂದಿದೆ. ಅದನ್ನು ಇಂದು ಓದುಗರ ಮುಂದೆ ಬಿಚ್ಚಿ ಹೇಳಬೇಕೆನಿಸಿದೆ.

ಜನವರಿಯಲ್ಲಿ ಗಣರಾಜ್ಯೋತ್ಸವದ ಅಂಗವಾಗಿ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. 1889ರ ನವೆಂಬರ್ 30ರಂದು ಅಡಿಗಲ್ಲು ಕಂಡ ಆ ಗಾಜಿನ ಮನೆ, ಅದನ್ನು ಸಂಕಲ್ಪಿಸಿದ ಜಾನ್ ಕ್ಯಾಮರೂನರ ಕಾಲದಿಂದಲೂ, ನಾಡಿನ ಬೆಳೆಗಾರರು ತಮ್ಮ ಕೈಯ ಕುಶಲತೆಯನ್ನು ಹತ್ತು ಜನರ ಮುಂದೆ ತೆರೆದಿಡುವುದಕ್ಕೆ ಏರ್ಪಟ್ಟ ಮಂಟಪ. ಸೇವಂತಿಗೆ, ಡೇಲಿಯ, ಪೆಟೂನಿಯ, ಸಾಲ್ವಿಯಗಳನ್ನು ಆ ಹತ್ತು ದಿನಗಳಿಗೆ ಸರಿಯಾಗಿ ಅರಳುವಂತೆ ತಿಂಗಳುಗಳ ಮುಂಚೆಯೇ ಬಿತ್ತಿ, ಸಸಿ ಮಾಡಿ, ಕುಂಡಕ್ಕೆ ಬದಲಿಸಿ, ಚಿಗುರು ಚಿವುಟಿ ಸಾಕಿದ ಮಾಲಿಗಳ ಶ್ರಮವನ್ನು ಬಲ್ಲವರು ಆ ಕುಂಡಗಳ ಮುಂದೆ ಕೈಮುಗಿದು ನಿಲ್ಲಬೇಕು. ನನ್ನ ದುಃಖ ಬೇರೆ. ಸರತಿಯ ಸಾಲಿನಲ್ಲಿ ಗಂಟೆಗಟ್ಟಲೆ ನಿಂತು, ಹೂವಿನಿಂದ ಕಟ್ಟಿದ ಆಕೃತಿಯನ್ನು ಕ್ಷಣಕಾಲ ನೋಡಿ, ಅದರ ಮುಂದೆ ಭಾವಚಿತ್ರ ತೆಗೆಸಿಕೊಂಡು ಹೊರಬರುವ ಕುಟುಂಬಗಳು, ಅದೇ ಸಾಲು ಹಾದುಹೋದ ದಾರಿಯಲ್ಲಿ ತಮ್ಮ ತಲೆಯ ಮೇಲೆಯೇ ನಡೆಯುತ್ತಿದ್ದ, ವರ್ಷಕ್ಕೊಮ್ಮೆ ಮಾತ್ರ ಕಾಣಸಿಗುವ ಋತುಪರಿವರ್ತನೆಯೊಂದನ್ನು ಕತ್ತೆತ್ತಿ ನೋಡುವುದಿಲ್ಲ. ನೋಡಬೇಕೆಂದು ಅವರಿಗೆ ಹೇಳಿಕೊಟ್ಟವರೂ ಇಲ್ಲ.

ಹೇಳಿಕೊಟ್ಟವರಿದ್ದ ಭಾಗ್ಯ ನನ್ನದು. ನನ್ನ ತಂದೆ ಡಿಸೆಂಬರಿನ ಬೆಳಗುಗಳಲ್ಲಿ ಮಫ್ಲರು ಸುತ್ತಿ ನನ್ನನ್ನು ಕರೆದೊಯ್ದು, ಮೊದಲು ಬಂಡೆಯನ್ನು ಹತ್ತಿಸುತ್ತಿದ್ದರು. ಕೆಂಪೇಗೌಡರ ಗೋಪುರವನ್ನು ತಲೆಯ ಮೇಲೆ ಹೊತ್ತ ಆ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ; ಹೈದರಾಲಿ 1760ರಲ್ಲಿ ತೋಟವನ್ನು ಆರಂಭಿಸಿದ್ದೂ, ಟಿಪ್ಪು ಅದನ್ನು ಬೆಳೆಸಿದ್ದೂ, 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾದದ್ದೂ ಆ ಬಂಡೆಗೆ ನಿನ್ನೆ ಮೊನ್ನೆಯ ಸುದ್ದಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರಿನ ಎತ್ತರದಲ್ಲಿರುವ ನಮ್ಮ ಊರಿನ ಚಳಿ ಎಂಥದೆಂಬುದನ್ನು ಬರಿಗಾಲಿನಲ್ಲಿ ಆ ಕಲ್ಲನ್ನು ಮುಟ್ಟಿಯೇ ತಿಳಿಯಬೇಕು. 1884ರ ಜನವರಿ 13ರಂದು ಇಲ್ಲಿನ ಉಷ್ಣತೆ 7.8 ಡಿಗ್ರಿಗೆ ಇಳಿದಿತ್ತಂತೆ. ಆ ದಾಖಲೆ ಇಂದಿಗೂ ಮುರಿದಿಲ್ಲ. ಈಗಿನ ಜನವರಿಯ ಮುಂಜಾವು ಸಾಮಾನ್ಯವಾಗಿ 15, 16 ಡಿಗ್ರಿಗಳ ಆಸುಪಾಸಿನಲ್ಲಿರುತ್ತದೆ. ಬಂಡೆಯ ಮೇಲಿಂದ ನೋಡಿದರೆ ಕೆರೆಯ ಮೇಲೆ ಮಂಜು ತೆಳುವಾಗಿ ಹರಡಿ, ಅದರೊಳಗಿಂದ ನೀರುಕಾಗೆಗಳು ಒಂದೊಂದಾಗಿ ಮೇಲೆದ್ದು, ಬಿಸಿಲು ಬಿದ್ದ ಕೊಂಬೆಯ ಮೇಲೆ ಕುಳಿತು ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೋಟವೇ ಹೇಮಂತದ ಮೊದಲ ಪುಟ.

ಬಂಡೆಯಿಳಿದು ಮರಗಳ ನಡುವೆ ಬಂದರೆ ತಂದೆ ನೆಲವನ್ನು ನೋಡಲು ಹೇಳುತ್ತಿದ್ದರು. ಎತ್ತರದ ಮರವನ್ನು ಗುರುತಿಸಲು ಅದು ಕೆಳಗೆ ಚೆಲ್ಲಿದ್ದನ್ನು ಮೊದಲು ಓದಬೇಕೆಂಬುದು ಅವರ ಅಭಿಪ್ರಾಯ. ಹಾಗೆ ನೆಲದ ಮೇಲೆಯೇ ನನಗೆ ಪರಿಚಯವಾದದ್ದು ಆಕಾಶಮಲ್ಲಿಗೆ. ಹೆಸರಿಗೆ ತಕ್ಕಂತೆ ಅದು ಮುಗಿಲಿನ ಕಡೆಗೆ ನೇರವಾಗಿ ಬೆಳೆಯುವ ಮರ; ಕಾರ್ತಿಕ ಮಾರ್ಗಶಿರಗಳ ಇರುಳುಗಳಲ್ಲಿ, ಉದ್ದವಾದ ನಾಳದ ತುದಿಯಲ್ಲಿ ಅರಳುವ ಅದರ ಬಿಳಿಯ ಹೂವುಗಳು ನೀಳ ನಾಲಗೆಯ ಇರುಳಚಿಟ್ಟೆಗಳನ್ನು ತಮ್ಮ ಪರಿಮಳದಿಂದ ಕರೆದು, ಬೆಳಗಾಗುವ ಹೊತ್ತಿಗೆ ಕಳಚಿ ಬಿದ್ದು, ಇಬ್ಬನಿಯಿಂದ ತೊಯ್ದ ಹುಲ್ಲಿನ ಮೇಲೆ ಚೆಲ್ಲಿರುತ್ತವೆ. ನಾಳಗಳನ್ನು ಒಂದರೊಳಗೊಂದು ಹೆಣೆದರೆ ದಾರವಿಲ್ಲದೆಯೇ ಮಾಲೆಯಾಗುತ್ತದೆ. ನನ್ನ ತಂಗಿ ಅಂಥ ಮಾಲೆಯನ್ನು ಮುಡಿದು ಮನೆಗೆ ಬಂದಾಗ ಅಜ್ಜಿ, ಕೊಂಡು ತಂದ ಯಾವ ಮೊಳದ ಹೂವಿಗೂ ಕೊಡದ ಮರ್ಯಾದೆಯನ್ನು ಅದಕ್ಕೆ ಕೊಟ್ಟು, ದೇವರ ಪಟಕ್ಕೆ ಎರಡು ಹೂವು ತೆಗೆದಿಟ್ಟದ್ದು ನೆನಪಿದೆ.

ಮಕ್ಕಳ ಒಲವಿಗೆ ಪಾತ್ರವಾದ ಇನ್ನೊಂದು ಮರ ನೀರುಕಾಯಿ. ಆಫ್ರಿಕದಿಂದ ಬಂದು ಇಲ್ಲಿಯವನೇ ಆಗಿಹೋದ ಈ ಮರದ ಕಿತ್ತಳೆಗೆಂಪಿನ ಹೂಗಳು ಎಲೆಯ ಗೊಂಚಲಿನ ಮೇಲೆ ದೀಪದ ಸೊಡರುಗಳಂತೆ ನಿಂತಿರುತ್ತವೆ. ಬಾಗಿದ ಅದರ ಮೊಗ್ಗುಗಳೊಳಗೆ ನೀರು ತುಂಬಿದ್ದು, ತುದಿಯನ್ನು ಚಿವುಟಿ ಹಿಸುಕಿದರೆ ಪಿಚಕಾರಿಯಂತೆ ಚಿಮ್ಮುವುದನ್ನು ಬೆಂಗಳೂರಿನಲ್ಲಿ ಬೆಳೆದ ಯಾವ ಮಗುವೂ ಮರೆಯದು. ಕೆರೆಯ ದಂಡೆಯಲ್ಲಿ ದಕ್ಷಿಣ ಅಮೆರಿಕದ ಟಬೆಬುಯಾ ಮರಗಳು ತಿಳಿನೇರಳೆಯ ಹೂ ತಳೆದು, ಗಾಳಿಯಿಲ್ಲದ ಬೆಳಗಿನಲ್ಲಿ ನೀರಿನಲ್ಲಿಯೂ ಅರಳಿದಂತೆ ತೋರುತ್ತವೆ. ಗಾಜಿನ ಮನೆಯ ಸಮೀಪದ ಅರೋಕೇರಿಯ ಮಾತ್ರ ಇವಾವುದರ ಗೊಡವೆಯೂ ಇಲ್ಲದೆ ವರ್ಷವಿಡೀ ಒಂದೇ ಹಸುರು. ಕ್ರಿಸ್ಮಸ್ ಮರವೆಂದು ಜನ ಅದನ್ನು ಕರೆಯುತ್ತಾರೆ. ನ್ಯೂ ಕ್ಯಾಲಿಡೋನಿಯ ಎಂಬ ಪೆಸಿಫಿಕ್ ಸಾಗರದ ದ್ವೀಪ ಅದರ ತವರು, ಮತ್ತು ಲೋಕದ ಯಾವ ಮೂಲೆಯಲ್ಲಿ ನೆಟ್ಟರೂ ಆ ಜಾತಿಯ ಮರಗಳು ಭೂಮಧ್ಯರೇಖೆಯ ಕಡೆಗೇ ತುಸು ವಾಲಿ ಬೆಳೆಯುತ್ತವೆಂದು ಸಸ್ಯವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಇಲ್ಲಿ ಆ ವಾಲುವಿಕೆ ದಕ್ಷಿಣಕ್ಕೆ.

ಇದೇ ದಿನಗಳಲ್ಲಿ ತೋಟಕ್ಕೆ ಅತಿಥಿಗಳು ಬಂದಿಳಿಯುತ್ತಾರೆ. ಹಿಮಾಲಯದ ತೊರೆಗಳ ಬದಿಯಲ್ಲಿ ಬೇಸಗೆಯನ್ನು ಕಳೆದ ಬೂದು ಸಿಪಿಲೆ ಇಲ್ಲಿನ ಕಾಲುವೆಯಂಚಿನಲ್ಲಿ ಬಾಲ ಕುಣಿಸುತ್ತ ನಡೆದಾಡುತ್ತದೆ. ಎಲೆಯ ಬಣ್ಣವನ್ನೇ ಹೊತ್ತ ಪುಟ್ಟ ಉಲಿಯಕ್ಕಿ ಕಣ್ಣಿಗೆ ಬೀಳದೆ ದನಿಯಿಂದಲೇ ತನ್ನ ಬರವನ್ನು ಸಾರುತ್ತದೆ. ತರಗೆಲೆಗಳನ್ನು ಕೊಕ್ಕಿನಿಂದ ಮಗುಚಿ ಹುಳು ಹುಡುಕುವ ನವರಂಗವನ್ನು ಹೊಂಗೆಯ ನೆರಳಿನಲ್ಲಿ ಒಮ್ಮೆ ಮಾತ್ರ ನಾನು ಕಂಡಿದ್ದೇನೆ, ಆ ಬೆಳಗಿನ ಬೇರಾವ ಸಂಗತಿಯೂ ನೆನಪಿನಲ್ಲಿ ಉಳಿದಿಲ್ಲ. ಪಕ್ಷಿವೀಕ್ಷಕರ ತಂಡವೊಂದು ತಿಂಗಳ ಎರಡನೆಯ ಭಾನುವಾರ ಇಲ್ಲಿ ಕೂಡುವ ಪದ್ಧತಿಯನ್ನು 1970ರ ದಶಕದಿಂದ ನಡೆಸಿಕೊಂಡು ಬಂದಿದೆ. ದುರ್ಬೀನು ಹಿಡಿದ ಹಿರಿಯರೊಬ್ಬರು ಗುರುತು ಪರಿಚಯವಿಲ್ಲದ ಹುಡುಗನಿಗೆ ಹಕ್ಕಿಯನ್ನು ತೋರಿಸುವ ಆ ಔದಾರ್ಯ ಮರಗಳ ವಿಷಯದಲ್ಲಿಯೂ ಬಂದರೆ ಎಷ್ಟು ಚೆನ್ನಾಗಿತ್ತು!

ಸಂಕ್ರಾಂತಿ ಕಳೆದು ಶಿಶಿರ ಕಾಲಿಡುವಾಗ ತೋಟದ ಸ್ವರೂಪವೇ ಬದಲಾಗತೊಡಗುತ್ತದೆ. ಶೀತದೇಶಗಳಲ್ಲಿ ಎಲೆಯುದುರುವುದು ಹಿಮಕ್ಕೆ ಹೆದರಿ. ನಮ್ಮಲ್ಲಿ ಅದು ಬಾಯಾರಿಕೆಯ ಲೆಕ್ಕಾಚಾರ. ಈಶಾನ್ಯ ಮಾರುತದ ಮಳೆ ಡಿಸೆಂಬರಿನ ಹೊತ್ತಿಗೆ ನಿಂತುಹೋಗಿ, ಜನವರಿ ಫೆಬ್ರವರಿಗಳಲ್ಲಿ ಹನಿಯೂ ಅಪರೂಪವಾಗುವುದರಿಂದ, ಸಾವಿರಾರು ಎಲೆಗಳ ಮೂಲಕ ನೀರನ್ನು ಆವಿಯಾಗಿ ಕಳೆದುಕೊಳ್ಳುವುದಕ್ಕಿಂತ ಎಲೆಗಳನ್ನೇ ಕಳಚಿ ನಿಲ್ಲುವುದು ಮರಕ್ಕೆ ಕ್ಷೇಮ. ಉದುರಿಸುವ ಮುನ್ನ ಮರ ಆ ಎಲೆಯಲ್ಲಿದ್ದ ಸಾರದ ಬಹುಭಾಗವನ್ನು ಮೈಗೆ ಹಿಂತೆಗೆದುಕೊಂಡು, ತೊಟ್ಟಿನ ಬುಡದಲ್ಲಿ ಸಡಿಲವಾದೊಂದು ಪದರವನ್ನು ಬೆಳೆಸಿ, ಅದರ ಹಿಂದೆ ಗಾಯವನ್ನು ಮುಚ್ಚುವ ಇನ್ನೊಂದು ಪದರವನ್ನು ಕಟ್ಟಿಕೊಳ್ಳುತ್ತದೆ; ಆಮೇಲೆ ಸಣ್ಣದೊಂದು ಗಾಳಿ ಸಾಕು. ಕಾಡುಬಾದಾಮಿಯ ಅಗಲವಾದ ಎಲೆಗಳಲ್ಲಿ ಈ ಕ್ರಿಯೆ ಎಲ್ಲರ ಕಣ್ಣಿಗೂ ಕಾಣುವಂತೆ ನಡೆಯುತ್ತದೆ. ಪತ್ರಹರಿತ್ತು ಅಳಿದಂತೆ ಹಸುರು ಹಿಂಜರಿದು, ಎಲೆ ತಾಮ್ರದ ಬಣ್ಣಕ್ಕೂ ಅಲ್ಲಿಂದ ಮಾಣಿಕ್ಯದ ಕೆಂಪಿಗೂ ತಿರುಗಿ, ಬಿದ್ದ ಮೇಲೆಯೂ ಕೆಲವು ದಿನ ಹೊಳೆಯುತ್ತಿರುತ್ತದೆ. ನಮ್ಮ ದೇಶದಲ್ಲಿ ಶರತ್ಕಾಲದ ಬಣ್ಣಗಳಿಲ್ಲವೆಂದು ಕೊರಗುವವರು ಜನವರಿಯ ಒಂದು ಬೆಳಗು ಬಾದಾಮಿ ಮರದ ಕೆಳಗೆ ನಿಂತು, ಬಿಸಿಲಿಗೆ ಎದುರಾಗಿ ಒಂದೇ ಒಂದು ಎಲೆಯನ್ನು ಎತ್ತಿಹಿಡಿದು ನೋಡಲಿ.

ಈ ಋತುವಿನ ನಿಜವಾದ ಅಧಿದೇವತೆ ಬೂರುಗ. ಕೆಂಪು ಬೂರುಗವನ್ನು ಸಂಸ್ಕೃತದಲ್ಲಿ ಶಾಲ್ಮಲಿ ಎನ್ನುತ್ತಾರೆ. ಬಾಣನ ಕಾದಂಬರಿಯಲ್ಲಿ ಕಥೆ ಹೇಳುವ ಗಿಳಿ ಹುಟ್ಟಿದ್ದು ಪಂಪಾಸರೋವರದ ಬಳಿಯ ಮುದಿ ಶಾಲ್ಮಲಿಯೊಂದರ ಪೊಟರೆಯಲ್ಲಿ. ಆ ಕಥೆಯನ್ನು ನಾಗವರ್ಮ ಕನ್ನಡಕ್ಕೆ ತಂದು ಸಾವಿರ ವರ್ಷಗಳೇ ಆಗುತ್ತ ಬಂದರೂ, ಲಾಲ್‌ಬಾಗಿನ ಬೂರುಗದ ಮೇಲೆ ಗಿಳಿಗಳ ಹಿಂಡು ಎರಗಿದಾಗಲೆಲ್ಲ, ಕವಿ ಗಿಳಿಗೆ ಈ ಮರವನ್ನೇ ಮನೆಯಾಗಿ ಕೊಟ್ಟದ್ದು ಬರಿಯ ಕಲ್ಪನೆಯಿಂದಲ್ಲ, ಕಾಡನ್ನು ಕಂಡಿದ್ದ ಕಣ್ಣಿನಿಂದ ಎಂಬುದು ನನಗೆ ಖಚಿತವಾಗುತ್ತದೆ. ಒಂದೂ ಎಲೆಯಿಲ್ಲದ ಅಡ್ಡಕೊಂಬೆಗಳ ಮೇಲೆ, ಬಟ್ಟಲಿನಂಥ ದಪ್ಪ ಪುಷ್ಪಕೋಶದಿಂದ ಐದು ಮಾಂಸಲವಾದ ದಳಗಳು ಹಿಮ್ಮೊಗವಾಗಿ ಮಡಿಸಿ, ನಡುವೆ ಕೇಸರಗಳ ಕಟ್ಟೊಂದು ನಿಂತ ಆ ಹೂವು ಎಲೆಗಳ ಮರೆಯಿಲ್ಲದ್ದರಿಂದ ಬಹುದೂರಕ್ಕೆ ಕಾಣುತ್ತದೆ. ಕಾಣಲೆಂದೇ ಮರ ಬರಿದಾಗಿರುವಾಗ ಹೂಬಿಡುತ್ತದೆ. ಸೂರ್ಯನ ಮೊದಲ ಕಿರಣ ಮೇಲ್ಗೊಂಬೆಗೆ ತಾಗುವಷ್ಟರಲ್ಲಿ ಗೊರವಂಕಗಳು, ಗಿಳಿಗಳು, ಕಾಗೆಗಳು, ಸೂರಕ್ಕಿಗಳು, ಅಳಿಲುಗಳು ಎಲ್ಲವೂ ಅಲ್ಲಿ ನೆರೆದು, ಬಟ್ಟಲಿನಡಿಯ ಮಧುವಿಗಾಗಿ ಮುಖವನ್ನೆಲ್ಲ ಪರಾಗದಿಂದ ಹಳದಿ ಮಾಡಿಕೊಂಡು, ಒಂದು ಮರದಿಂದ ಇನ್ನೊಂದಕ್ಕೆ ಅದನ್ನು ಹೊತ್ತೊಯ್ಯುತ್ತವೆ. ಕೆಳಗೆ ನಿಂತವರ ಪಕ್ಕದಲ್ಲಿ ಆಗಾಗ್ಗೆ ತೂಕದ ಹೂವೊಂದು ಧಪ್ಪನೆ ಬೀಳುತ್ತದೆ. ಆ ಸದ್ದನ್ನು ಕೇಳಿದಾಗ ನನಗೆ ಶಿಶಿರ ಬಂದಂತೆ.

ಮರಗಳ ಈ ಸರದಿ ತಾನೇ ತಾನಾಗಿ ಏರ್ಪಟ್ಟದ್ದಲ್ಲ; ಅದರ ಹಿಂದೆ ಒಬ್ಬ ಮನುಷ್ಯನ ದೂರದೃಷ್ಟಿಯಿದೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡೆಯ ಮಹಾರಾಜರ ಸೇವೆಗೆಂದು ಭಾರತಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿದ ಗುಸ್ತಾವ್ ಹರ್ಮನ್ ಕ್ರುಂಬಿಗಲ್ಲರು, ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಆರಂಭಿಸಬೇಕು, ವರ್ಷದ ಯಾವ ತಿಂಗಳೂ ನಗರಕ್ಕೆ ಹೂವಿಲ್ಲದೆ ಹೋಗಬಾರದು ಎಂಬ ಸೂತ್ರವನ್ನು ಹಿಡಿದು ತೋಟದಲ್ಲಿಯೂ ಊರಿನ ಬೀದಿಗಳಲ್ಲಿಯೂ ಮರಗಳನ್ನು ಆರಿಸಿ ನೆಡಿಸಿದರು. 1932ರಲ್ಲಿ ಅವರು ನಿವೃತ್ತರಾದ ಮೇಲೆ ಎಚ್. ಸಿ. ಜವರಾಯರೂ, ಅನಂತರ ಎಂ. ಎಚ್. ಮರಿಗೌಡರೂ ಆ ಪರಂಪರೆಯನ್ನು ನಾಡಿನುದ್ದಕ್ಕೂ ಹಬ್ಬಿಸಿದರು. ಕ್ರುಂಬಿಗಲ್ಲರು 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ಹೆಸರಿನ ರಸ್ತೆ ಲಾಲ್‌ಬಾಗಿನ ಪಕ್ಕದಲ್ಲಿಯೇ ಇದೆ. ಒಂದು ಮರವನ್ನು ನೆಡುವಾಗ ಅದರ ನೆರಳನ್ನು ಮಾತ್ರವಲ್ಲದೆ ಅದರ ತಿಂಗಳನ್ನೂ ಎಣಿಸಿದ ಆ ವಿಚಾರವನ್ನು ನಾನು ಈ ನಗರಕ್ಕೆ ದೊರೆತ ಅತ್ಯುತ್ತಮ ಕಾಣಿಕೆಗಳಲ್ಲೊಂದೆಂದು ಭಾವಿಸುತ್ತೇನೆ.

ಆದುದರಿಂದಲೇ ನನ್ನ ಮೊದಲನೆಯ ಕೋರಿಕೆ ಈ ಸರದಿಯನ್ನು ಜನರಿಗೆ ಓದಿಸಬೇಕೆಂಬುದು. ಕಾಂಡಕ್ಕೆ ಕಟ್ಟಿದ ಫಲಕ ಮರದ ಹೆಸರನ್ನು ಹೇಳೀತು. ಅದು ಈ ವಾರ ಏನು ಮಾಡುತ್ತಿದೆ ಎಂಬುದನ್ನು ಹೇಳಲಾರದು. ತೋಟದ ನಾಲ್ಕು ಬಾಗಿಲುಗಳಲ್ಲಿಯೂ ಒಂದೊಂದು ಕಪ್ಪು ಹಲಗೆಯನ್ನು ನಿಲ್ಲಿಸಿ, ಇಂದು ಬೂರುಗ ಹೂಬಿಟ್ಟಿದೆ, ಇಂಥ ದಾರಿಯಲ್ಲಿ ಹೋಗಿ ನೋಡಿರಿ; ಹೊಂಗೆ ಎಲೆಯುದುರಿಸುತ್ತಿದೆ, ಇನ್ನು ಕೆಲವೇ ದಿನಗಳಲ್ಲಿ ಚಿಗುರುವುದನ್ನು ಕಾಣುವಿರಿ ಎಂದು ಅಚ್ಚಗನ್ನಡದಲ್ಲಿ ಸೀಮೆಸುಣ್ಣದಿಂದ ಬರೆಯುವುದಕ್ಕೆ ಎಷ್ಟು ಖರ್ಚು ತಗುಲೀತು? ಬರೆಯಬಲ್ಲವರು ತೋಟದಲ್ಲಿಯೇ ಇದ್ದಾರೆ. ದಿನವೂ ಆ ಮರಗಳ ಬುಡದಲ್ಲಿ ಕೆಲಸ ಮಾಡುವ ಮಾಲಿಗೆ ಯಾವ ಮರ ಎಂದು ಮೊದಲ ಮೊಗ್ಗು ಬಿಟ್ಟಿತೆಂಬುದು ಪುಸ್ತಕ ನೋಡದೆ ಗೊತ್ತು. ಆತನನ್ನು ಒಂದು ಗಂಟೆಯ ಮಟ್ಟಿಗೆ ಗುರುವಿನ ಸ್ಥಾನದಲ್ಲಿ ನಿಲ್ಲಿಸಿ, ಪ್ರದರ್ಶನ ನೋಡಲು ಬಸ್ಸುಗಳಲ್ಲಿ ಬಂದಿಳಿಯುವ ಶಾಲೆಯ ಮಕ್ಕಳನ್ನು ಅವನೊಂದಿಗೆ ಕಳುಹಿಸಿದರೆ, ಆ ಮಕ್ಕಳು ಮನೆಗೆ ಕೊಂಡೊಯ್ಯುವ ವಿದ್ಯೆ ಬೇರೆಯೇ ಆಗುತ್ತದೆ. ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಬರೆದು ಸಸ್ಯಶಾಸ್ತ್ರವನ್ನು ಕನ್ನಡಿಗರ ನಡುಮನೆಗೆ ತಂದರು. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಆ ಪುಸ್ತಕವನ್ನು ಮೆಚ್ಚಿ ಓದಿದ ನಾಡಿಗೆ ಮರದ ಕೆಳಗೆ ನಿಂತು ಮರದ ಮಾತನ್ನು ಕೇಳುವ ವ್ಯವಧಾನವಿಲ್ಲವೆಂದು ನಾನು ನಂಬಲಾರೆ.

ತರಗೆಲೆಯ ವಿಷಯವನ್ನೂ ಹೇಳಬೇಕು. ನಗರವಾಸಿಗಳಾದ ನಮ್ಮ ಕಣ್ಣಿಗೆ ಉದುರಿದ ಎಲೆ ಕಸವಾಗಿ ತೋರುತ್ತದೆ. ಗುಡಿಸಿದ ನೆಲವೇ ಶುದ್ಧವೆಂಬ ಮನೆಯಂಗಳದ ನಿಯಮವನ್ನು ನಾವು ತೋಟಕ್ಕೂ ಅನ್ವಯಿಸಿ, ಎಲೆ ಬಿದ್ದಿದ್ದರೆ ಆಕ್ಷೇಪಿಸುತ್ತೇವೆ. ಕಾಲುದಾರಿಯ ಮೇಲಿನ ಎಲೆಯನ್ನು ಗುಡಿಸಲಿ. ಮರದ ಬುಡದ ಎಲೆ ಮರದ್ದು: ಮುಂದಿನ ಮುಂಗಾರಿಗೆ ಅದು ಗೊಬ್ಬರವಾಗಬೇಕು, ಅಲ್ಲಿಯವರೆಗೆ ಬೇಸಗೆಯ ಬಿಸಿಲಿನಿಂದ ನೆಲದ ಪಸೆಯನ್ನು ಕಾಯಬೇಕು, ಉತ್ತರದಿಂದ ಬಂದ ನವರಂಗಕ್ಕೆ ಊಟ ಬಡಿಸಬೇಕು. ಹಾಗೆಯೇ, ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಮುದಿಮರವೊಂದು ಉರುಳಿದಾಗ ಆ ಜಾಗದಲ್ಲಿ ಬೇಗ ಬೆಳೆಯುವ ಯಾವುದೋ ಒಂದನ್ನು ನೆಡದೆ, ಉರುಳಿದ ಮರ ಯಾವ ತಿಂಗಳಿಗೆ ಹೂಕೊಡುತ್ತಿತ್ತೋ ಆ ತಿಂಗಳಿಗೇ ಕೊಡುವ ಸಸಿಯನ್ನು ನೆಡಬೇಕು. ಸರದಿಯ ಒಂದು ಕೊಂಡಿ ಕಳಚಿದರೆ ಅದು ಮತ್ತೆ ಕೂಡುವುದಕ್ಕೆ ಮೂವತ್ತು ನಲವತ್ತು ವರ್ಷಗಳೇ ಬೇಕಾಗುತ್ತವೆ.

ಪ್ರದರ್ಶನದ ದಿನಗಳಲ್ಲಿ ಬರುವವರನ್ನು ಬೇಡವೆನ್ನಲಾಗದು, ಬೇಡವೆನ್ನಬಾರದು. ಆ ಹತ್ತು ದಿನ ಬರುವವರಲ್ಲಿ ಎಷ್ಟೋ ಮಂದಿಗೆ ಅದು ವರ್ಷಕ್ಕೊಮ್ಮೆ ಒದಗುವ ಸಂತೋಷ. ದೂರದ ತಾಲ್ಲೂಕುಗಳಿಂದ ಬುತ್ತಿ ಕಟ್ಟಿಕೊಂಡು ಬಂದು, ಮರದ ನೆರಳಿನಲ್ಲಿ ಸೊಗಡವರೆಯ ಹುಳಿ ಕಲಸಿದ ಅನ್ನವನ್ನು ಉಣ್ಣುವ ಸಂಸಾರಗಳನ್ನು ಕಂಡರೆ ನನಗೆ ಹಿತವೇ ಆಗುತ್ತದೆ. ಮಂಜು ಬಿದ್ದಷ್ಟೂ ಅವರೆಯ ಸೊಗಡು ಹೆಚ್ಚೆಂದು ಬಲ್ಲ ಜನ ಹೇಮಂತವನ್ನು ನಾಲಗೆಯಿಂದಲೇ ಅರಿತವರು. ಅವರು ಎಲೆ ಹಾಸಿ ಕುಳಿತ ಮರದ ಪರಿಚಯವನ್ನು ಅವರಿಗೆ ಮಾಡಿಸಿಕೊಡುವುದು ಆತಿಥೇಯರಾದ ನಮ್ಮ ಕೆಲಸ. ನಿತ್ಯವೂ ಅಲ್ಲಿ ನಡೆದಾಡುವ ನಾವು, ಬಿರುಸಾಗಿ ಎರಡು ಸುತ್ತು ಹಾಕಿ ಮಾವಳ್ಳಿಯ ಕಾಫಿಗೆ ಧಾವಿಸುವ ಬದಲು, ಆ ಹತ್ತು ದಿನವಾದರೂ ಒಂದು ಬೂರುಗದ ಬುಡದಲ್ಲಿ ಅರ್ಧ ಗಂಟೆ ನಿಂತು, ಕೇಳಿದವರಿಗೆ ಉತ್ತರ ಹೇಳಬಹುದಲ್ಲವೆ? ಈ ವರ್ಷ ನಾನು ನಿಲ್ಲುವವನಿದ್ದೇನೆ.

ಕಡೆಯದಾಗಿ ಒಂದು ಬೇಡಿಕೆ ಉಳಿದಿದೆ. ಕೆಂಪು ಬೂರುಗದ ದಾಯಾದಿಯಾದ ಬಿಳಿ ಬೂರುಗವೊಂದು ಲಾಲ್‌ಬಾಗಿನಲ್ಲಿದೆ. ಹತ್ತು ಜನ ಕೈಗೆ ಕೈ ಕೂಡಿಸಿದರೂ ಸುತ್ತುವರಿಯಲಾಗದಷ್ಟು ವಿಸ್ತಾರವಾಗಿ, ಹಲಗೆಗಳಂತೆ ಎದ್ದು ನಿಂತ ಬೇರುಗಳನ್ನು ನೆಲದ ಮೇಲೆ ಚಾಚಿದ ಆ ಮಹಾವೃಕ್ಷದ ಮುಂದೆ ಎಲ್ಲರೂ ನಿಲ್ಲುತ್ತಾರೆ. ಬೇರನ್ನು ನೋಡಿ ಬೆರಗಾಗುತ್ತಾರೆ. ಹೂವನ್ನು ನೋಡಿದವರು ಕಡಮೆ. ಎಲೆಯುದುರಿದ ಚಳಿಗಾಲದ ಕೊಂಬೆಗಳಲ್ಲಿ ಮಾಸಲು ಬಿಳುಪಿನ ಅದರ ಹೂಗಳು ಅರಳುವುದು ಕತ್ತಲಾದ ಮೇಲೆ, ಬಾವಲಿಗಳನ್ನು ಕರೆಯುವುದಕ್ಕೆ. ತೋಟದ ಬಾಗಿಲು ಮುಚ್ಚುವುದೋ ಸಂಜೆ 7 ಗಂಟೆಗೆ. ಮಾಘಮಾಸದ ಒಂದು ಹುಣ್ಣಿಮೆಯ ರಾತ್ರಿ, ಗದ್ದಲವಿಲ್ಲದೆ, ದೀಪಗಳಿಲ್ಲದೆ, ಮರವನ್ನು ಬಲ್ಲ ಒಬ್ಬ ಮಾಲಿಯ ಹಿಂದೆ ಇಪ್ಪತ್ತೇ ಜನಕ್ಕೆ ಆ ಬಾಗಿಲನ್ನು ತೆರೆಯಲಿ. ಆ ಇಪ್ಪತ್ತು ಜನರಲ್ಲಿ ಹದಿನೈದು ಮಂದಿಯಾದರೂ ಮಕ್ಕಳಾಗಿರಲಿ. ಬೆಳುದಿಂಗಳಿನಲ್ಲಿ ಬಾವಲಿಯೊಂದು ಬಂದು ಕೊಂಬೆಗೆ ಜೋತು ಹೂವಿನೊಳಗೆ ಮೂತಿಯಿಡುವವರೆಗೆ, ಅವರು ಬೇರುಗಳ ನಡುವೆ ಸದ್ದಿಲ್ಲದೆ ಕುಳಿತು ಕಾಯಲಿ.